ಹವಾಯಿಯ ಐತಿಹ್ಯಗಳು: ಸಂಗ್ರಹ, ಅನುವಾದ ಮತ್ತು ಮರುಓದು

ಹವಾಯಿ ದ್ವೀಪಗಳ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವ ಹಳೆಯ ಪುಸ್ತಕಗಳ ಪೀಠಿಕೆಗಳಲ್ಲಿ ಒಂದು ಧಾಟಿ ಮತ್ತೆ ಮತ್ತೆ ಕಾಣಿಸುತ್ತದೆ. ಮುದುಕರ ನಾಲಗೆಯ ಮೇಲೆ ಮಾತ್ರ ಉಳಿದಿದ್ದ ಪರಂಪರೆಯನ್ನು, ಅದು ಪೂರ್ತಿ ಅಳಿಯುವ ಮೊದಲು, ಯಾರೋ ಪುಣ್ಯಾತ್ಮರು ಬರೆದಿಟ್ಟು ಉಳಿಸಿದರು ಎಂಬುದು ಅದರ ಸಾರ. ಈ ಮಾತು ಸುಳ್ಳಲ್ಲದಿದ್ದರೂ ಅರ್ಧಸತ್ಯ. ಇಂಗ್ಲಿಷ್ ಸಂಗ್ರಹಗಳು ಹೊರಬರುವ ಎಷ್ಟೋ ಮೊದಲೇ ಆ ಕಥೆಗಳು ಹವಾಯಿಯನ್ ಭಾಷೆಯಲ್ಲಿ ಅಚ್ಚಾಗಿದ್ದವು. ಅವುಗಳನ್ನು ಬರೆದವರು ಹವಾಯಿಯನ್ನರು, ಓದಿದವರೂ ಅವರೇ. 1834ರಿಂದ 1948ರವರೆಗೆ ಆ ಭಾಷೆಯಲ್ಲಿ ಸುಮಾರು 100 ಪತ್ರಿಕೆಗಳು ಪ್ರಕಟವಾದವು. ಅವುಗಳ ಒಟ್ಟು ಪುಟಗಳು ಸುಮಾರು 1,25,000. ಇಷ್ಟು ದೊಡ್ಡ ಮುದ್ರಿತ ಭಂಡಾರವಿರುವ ಪರಂಪರೆಯನ್ನು ಕೇವಲ ಮೌಖಿಕವೆಂದು ಕರೆಯುವ ರೂಢಿ ಹೇಗೆ ಬಂತು, ಆ ರೂಢಿಯಿಂದ ಕಥೆಗಳಿಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊಒಲೆಲೊ ಎಂಬ ಮಾತು

ಹವಾಯಿಯನ್ನರು ತಮ್ಮ ಕಥನಗಳನ್ನು ಕರೆಯುವುದು ಮೊಒಲೆಲೊ ಎಂದು. ಸಾಲು, ಪರಂಪರೆ ಎಂಬ ಅರ್ಥದ ‘ಮೊಒ’ ಮತ್ತು ಮಾತು ಎಂಬ ಅರ್ಥದ ‘ಓಲೆಲೊ’ ಕೂಡಿ ಆದ ಪದವಿದು. ಒಬ್ಬರಿಂದ ಒಬ್ಬರಿಗೆ ಸಾಲಾಗಿ ಬಂದ ಮಾತು ಎಂದು ಬಿಡಿಸಬಹುದು. ದೇವತೆಗಳ ಕಥೆ, ಅರಸರ ಚರಿತ್ರೆ, ಒಬ್ಬ ವ್ಯಕ್ತಿಯ ಜೀವನವೃತ್ತಾಂತ, ನಿನ್ನೆ ನಡೆದ ಘಟನೆಯ ವರದಿ ಎಲ್ಲಕ್ಕೂ ಇದೇ ಪದ ಸಲ್ಲುತ್ತದೆ. ರಂಜನೆಗಾಗಿ ಬೆಳೆಸಿ ಹೇಳಿದ ಕಥೆಗೆ ‘ಕಆಓ’ ಎಂಬ ಬೇರೆ ಹೆಸರಿದೆಯಾದರೂ ಎರಡರ ನಡುವಣ ಗೆರೆ ಗಟ್ಟಿಯಾದುದಲ್ಲ. ವಂಶಾವಳಿಯ ಹೆಸರಿನಲ್ಲಿಯೂ ಅದೇ ‘ಮೊಒ’ ಇದೆ.

ಮಹಾಭಾರತವನ್ನು ಇತಿಹಾಸವೆಂದೂ ಕೇಳಿಬಂದ ಮಾತನ್ನು ಐತಿಹ್ಯವೆಂದೂ ಕರೆದ ಪರಂಪರೆಯಲ್ಲಿ ಬೆಳೆದ ಕನ್ನಡ ಓದುಗನಿಗೆ ಈ ವ್ಯಾಪ್ತಿ ವಿಚಿತ್ರವೆನಿಸಲಾರದು. ಆದರೆ ಇಂಗ್ಲಿಷಿಗೆ ಬರುವಾಗ ಮೊಒಲೆಲೊ ಮೂರು ಹೋಳಾಯಿತು: ದೇವತೆಗಳಿರುವುದು ಪುರಾಣದ ಪುಸ್ತಕಕ್ಕೆ, ವೀರರಿರುವುದು ದಂತಕಥೆಯ ಪುಸ್ತಕಕ್ಕೆ, ಅರಸರಿರುವುದು ಚರಿತ್ರೆಯ ಪುಸ್ತಕಕ್ಕೆ. ಮೂಲದಲ್ಲಿ ಒಬ್ಬನೇ ಲೇಖಕ ಒಂದೇ ಲೇಖನಮಾಲೆಯಲ್ಲಿ ಹೇಳಿದ್ದು ಅನುವಾದದಲ್ಲಿ ಬೇರೆ ಬೇರೆ ಕಪಾಟುಗಳಿಗೆ ಸೇರಿತು.

ಲಹೈನಾಲುನಾದಿಂದ ಪತ್ರಿಕೆಗಳವರೆಗೆ

ಅಮೆರಿಕದ ನ್ಯೂ ಇಂಗ್ಲೆಂಡಿನ ಪ್ರಾಟೆಸ್ಟಂಟ್ ಮಿಷನರಿಗಳು ಹವಾಯಿಗೆ ಬಂದದ್ದು 1820ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಹವಾಯಿಯ ಅರಸು ಮನೆತನ ಹಳೆಯ ವಿಧಿನಿಷೇಧಗಳ ‘ಕಪು’ ವ್ಯವಸ್ಥೆಯನ್ನು ತಾನೇ ಮುರಿದಿತ್ತು. 1822ರಲ್ಲಿ ಮುದ್ರಣ ಮೊದಲಾಯಿತು. 1826ರಲ್ಲಿ ಐದು ಸ್ವರ, ಏಳು ವ್ಯಂಜನಗಳ ವರ್ಣಮಾಲೆ ಸ್ಥಿರವಾಯಿತು. 1831ರಲ್ಲಿ ಮಾವಿ ದ್ವೀಪದ ಲಹೈನಾಲುನಾದಲ್ಲಿ ಉನ್ನತ ಶಾಲೆಯೊಂದು ತೆರೆಯಿತು. ಅಲ್ಲಿಂದಲೇ 1834ರಲ್ಲಿ ‘ಕ ಲಾಮಾ ಹವಾಯಿ’ ಎಂಬ ಮೊದಲ ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಇನ್ನೊಂದು ಮಿಷನ್ನಿನ ಆಶ್ರಯದಲ್ಲಿ ಬಂದದ್ದು 1843ರಲ್ಲಿ ಎಂಬುದನ್ನು ನೆನೆದರೆ ಕಾಲದ ಅಂದಾಜು ಸಿಗುತ್ತದೆ.

ಲಹೈನಾಲುನಾದಲ್ಲಿ ಮಿಷನರಿ ಶೆಲ್ಡನ್ ಡಿಬ್ಬಲ್ ತನ್ನ ವಿದ್ಯಾರ್ಥಿಗಳಿಗೆ ಪ್ರಶ್ನೆಗಳನ್ನು ಕೊಟ್ಟು ಹಿರಿಯರ ಬಳಿಗೆ ಕಳುಹಿಸಿದ. ಅವರು ತಂದ ಉತ್ತರಗಳು 1838ರಲ್ಲಿ ‘ಕ ಮೊಒಲೆಲೊ ಹವಾಯಿ’ ಎಂಬ ಪುಸ್ತಕವಾದವು. ಸಂಗ್ರಹಕಾರ್ಯದ ಹಿಂದೆ ಒಂದು ದಾರುಣ ಕಾರಣವೂ ಇತ್ತು. ಹೊರಗಿನಿಂದ ಬಂದ ರೋಗಗಳಿಂದ ದ್ವೀಪಗಳ ಜನ ಸಾಯುತ್ತಿದ್ದರು. 1853ರ ಜನಗಣತಿಯಲ್ಲಿ ವಿದೇಶೀಯರೂ ಸೇರಿ ಉಳಿದಿದ್ದವರು 73,138 ಮಂದಿ ಮಾತ್ರ. ಬಲ್ಲವರು ಸತ್ತರೆ ಅವರೊಡನೆ ವಂಶಾವಳಿಗಳೂ ಹೋಗುತ್ತಿದ್ದವು.

ಈ ಶಾಲೆಯಲ್ಲಿ ಓದಿದ ಡೇವಿಡ್ ಮಾಲೊ 1795ರ ಸುಮಾರಿಗೆ ಹುಟ್ಟಿದವನು, ಅರಸರ ಆಸ್ಥಾನದಲ್ಲಿ ಹಳೆಯ ವಿದ್ಯೆಯನ್ನು ಕಲಿತವನು. ನಡುವಯಸ್ಸಿನಲ್ಲಿ ಅಕ್ಷರ ಕಲಿತು ಕ್ರೈಸ್ತನಾದ. ಅವನ ಬರಹದಲ್ಲಿ ಎರಡು ಮನಸ್ಸುಗಳು ಜೊತೆಗಿವೆ. ಹಳೆಯ ಆಚರಣೆಗಳನ್ನು ಅಜ್ಞಾನವೆಂದು ಜರೆಯುವವನೂ ಅವನೇ, ಅವುಗಳ ಒಂದು ವಿವರವೂ ತಪ್ಪಿಹೋಗದಂತೆ ದಾಖಲಿಸುವವನೂ ಅವನೇ. ನೆನಪಿನಲ್ಲಿ ಉಳಿದು ಬಂದ ವಂಶಾವಳಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಗ್ರಂಥದ ಆರಂಭದಲ್ಲಿಯೇ ಎಚ್ಚರಿಸುತ್ತಾನೆ. ಆಕರವಿಮರ್ಶೆಯ ಪ್ರಜ್ಞೆ ಹೊರಗಿನ ವಿದ್ವಾಂಸರಿಂದ ಬಂತೆನ್ನುವವರು ಈ ಭಾಗವನ್ನು ಗಮನಿಸಬೇಕು. ಮಾಲೊ 1853ರಲ್ಲಿ ತೀರಿಕೊಂಡ. ಅವನ ಗ್ರಂಥ ನಥಾನಿಯಲ್ ಎಮರ್ಸನ್ನನ ಇಂಗ್ಲಿಷ್ ಅನುವಾದವಾಗಿ ಹೊರಬಂದದ್ದು ಐವತ್ತು ವರ್ಷಗಳ ಬಳಿಕ, 1903ರಲ್ಲಿ.

1861ರವರೆಗೆ ಪತ್ರಿಕೆಗಳೆಲ್ಲ ಮಿಷನ್ನಿನ ಅಥವಾ ಸರಕಾರದ ಹಿಡಿತದಲ್ಲಿದ್ದವು. ಆ ವರ್ಷ ಹವಾಯಿಯನ್ನರೇ ಸೇರಿ ‘ಕ ಹೋಕು ಒ ಕ ಪಕಿಪಿಕ’ (ಪೆಸಿಫಿಕ್ಕಿನ ನಕ್ಷತ್ರ) ಎಂಬ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅರಸನಾದ ಕಲಾಕೌವಾ ಅದರ ಹಿಂದಿನ ಗುಂಪಿನಲ್ಲಿದ್ದ. ಅಗ್ನಿಪರ್ವತದ ದೇವತೆ ಪೆಲೆ ಮತ್ತು ಅವಳ ಕಿರಿಯ ತಂಗಿ ಹಿಇಯಾಕಳ ಕಥೆಯನ್ನು ಕಪಿಹೆನುಇ ಎಂಬ ಲೇಖಕ ಇದರಲ್ಲಿ 1861–62ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ. ಅಕ್ಕನಿಗಾಗಿ ಲೊಹಿಯಾವು ಎಂಬ ತರುಣನನ್ನು ಕರೆತರಲು ಹಿಇಯಾಕ ಕಿಲಾವೆಯದಿಂದ ಕವಾಯಿ ದ್ವೀಪದವರೆಗೆ ಹೋಗಿ ಬರುವ ಪ್ರಯಾಣವೇ ಕಥೆಯ ಹಂದರ. ದಾರಿಯುದ್ದಕ್ಕೂ ಅವಳು ಬೆಟ್ಟ, ಕಡಲತೀರ, ಗಾಳಿ, ಮಳೆಗಳನ್ನು ಹೆಸರು ಹಿಡಿದು ಹಾಡುತ್ತಾಳೆ. ಹವಾಯಿಯಲ್ಲಿ ಒಂದೊಂದು ಊರಿನ ಗಾಳಿಗೂ ಮಳೆಗೂ ಬೇರೆ ಬೇರೆ ಹೆಸರುಗಳಿವೆ. ಕಥೆ ಓದಿದವನಿಗೆ ನಾಡಿನ ನಕ್ಷೆಯೇ ಕಂಠಪಾಠವಾಗುತ್ತಿತ್ತು.

ಮಿಷನರಿಗಳ ಬಳಗ ಇದನ್ನು ಅನಾಗರಿಕತೆಯ ಪುನರುತ್ಥಾನವೆಂದು ಖಂಡಿಸಿತು. ಪತ್ರಿಕೆ ನಿಲ್ಲಿಸಲಿಲ್ಲ. ಪ್ರತಿಸ್ಪರ್ಧಿಯಾಗಿ ಅದೇ ವರ್ಷ ಹುಟ್ಟಿ 1927ರವರೆಗೆ ನಡೆದ ‘ಕ ನೂಪೆಪ ಕೂಒಕೊಅ’ ಕೂಡ ಬೇಗನೆ ಇಂಥ ಕಥೆಗಳಿಗೆ ಜಾಗ ಕೊಡಬೇಕಾಯಿತು. ಓದುಗರಿಗೆ ಅವು ಬೇಕಾಗಿದ್ದವು. 1863ರಲ್ಲಿ ಹಲೆಓಲೆ ಬರೆದ ‘ಲಾಯೆಇಕವೈ’ ಪುಸ್ತಕರೂಪದಲ್ಲಿ ಬಂತು. ಲಹೈನಾಲುನಾದಲ್ಲಿ ಕಲಿತ ಸಾಮ್ಯುಯೆಲ್ ಕಮಕಾವು 1860ರ ದಶಕದ ನಡುವಿನಿಂದ 1871ರವರೆಗೆ ವಾರ ವಾರವೂ ಚರಿತ್ರೆ, ಪುರಾಣ, ವಂಶಾವಳಿಗಳನ್ನು ಬರೆಯುತ್ತ ಹೋದ. ಓದುಗರು ಸುಮ್ಮನೆ ಓದುತ್ತಿರಲಿಲ್ಲ. ತಮ್ಮ ಸೀಮೆಯ ಪಾಠ ಬೇರೆ, ಈ ವಂಶಾವಳಿಯಲ್ಲಿ ಈ ಹೆಸರು ತಪ್ಪು ಎಂದು ಬರೆದು ಕಳುಹಿಸುತ್ತಿದ್ದರು, ಲೇಖಕರು ಉತ್ತರ ಕೊಡುತ್ತಿದ್ದರು. ಪಾಠಾಂತರಗಳ ಚರ್ಚೆ ಸಾರ್ವಜನಿಕವಾಗಿ, ಬಲ್ಲವರ ನಡುವೆ, ಅವರದೇ ಭಾಷೆಯಲ್ಲಿ ನಡೆಯುತ್ತಿತ್ತು.

ಫೋರ್ನಾಂಡರ್ ಸಂಗ್ರಹ

ಇಂಗ್ಲಿಷ್ ಓದುಗರಿಗೆ ಹವಾಯಿಯ ಐತಿಹ್ಯಗಳ ಬಹುದೊಡ್ಡ ಆಕರವಾದದ್ದು ಏಬ್ರಹಾಂ ಫೋರ್ನಾಂಡರ್ (1812–1887) ಮಾಡಿಸಿದ ಸಂಗ್ರಹ. ಸ್ವೀಡನ್ನಿನಲ್ಲಿ ಹುಟ್ಟಿ, ಹವಾಯಿಯಲ್ಲಿ ನೆಲೆಸಿ, ಮೊಲೊಕಾಯಿ ದ್ವೀಪದ ಕುಲೀನ ಮನೆತನದ ಹೆಣ್ಣನ್ನು ಮದುವೆಯಾಗಿ, ನ್ಯಾಯಾಧೀಶನೂ ಆದವನು ಈತ. ಇವನಿಗಾಗಿ ಕಥೆಗಳನ್ನು ಕೂಡಿಸಿದವರಲ್ಲಿ ಮತ್ತು ಬರೆದುಕೊಟ್ಟವರಲ್ಲಿ ಕಮಕಾವು, ಹಲೆಓಲೆ, ಕೆಪೆಲಿನೊ ಮುಖ್ಯರು. ಎಂದರೆ ಪತ್ರಿಕೆಗಳ ಲೇಖಕರೇ ಸಂಗ್ರಹದ ಲೇಖಕರೂ ಹೌದು. ಫೋರ್ನಾಂಡರ್ ಸತ್ತ ಮೇಲೆ ಹಸ್ತಪ್ರತಿಗಳು ಬಿಷಪ್ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಥಾಮಸ್ ಥ್ರಮ್ ಅವುಗಳನ್ನು ಸಂಪಾದಿಸಿ 1916ರಿಂದ 1920ರವರೆಗೆ ಸಂಪುಟಗಳಾಗಿ ಹೊರತಂದ. ಎದುರುಬದುರು ಪುಟಗಳಲ್ಲಿ ಹವಾಯಿಯನ್ ಮೂಲವೂ ಇಂಗ್ಲಿಷ್ ಅನುವಾದವೂ ಇರುವುದು ಈ ಸಂಪುಟಗಳ ದೊಡ್ಡ ಗುಣ.

ಫೋರ್ನಾಂಡರನ ಉದ್ದೇಶ ಮಾತ್ರ ಕಥೆಗಳಾಚೆಗಿತ್ತು. 1878ರಿಂದ 1885ರವರೆಗೆ ಮೂರು ಸಂಪುಟಗಳಲ್ಲಿ ಬರೆದ ಪಾಲಿನೇಷ್ಯನ್ ಜನಾಂಗದ ಚರಿತ್ರೆಯಲ್ಲಿ ಆತ ಅವರ ಬೇರನ್ನು ಆರ್ಯಮೂಲಕ್ಕೆ ಒಯ್ದು, ಭಾರತದ ಮೂಲಕ ಅವರು ಹಾದುಬಂದರೆಂದು ವಾದಿಸಿದ. ಪಶ್ಚಿಮ ಏಷ್ಯದ ಪ್ರಾಚೀನ ನಾಗರಿಕತೆಯ ಪ್ರಭಾವವನ್ನೂ ಕಂಡ. ತೈವಾನಿನಿಂದ ಹೊರಟ ಆಸ್ಟ್ರೊನೇಷ್ಯನ್ ಭಾಷಿಕರ ವಲಸೆಯನ್ನು ಭಾಷಾಶಾಸ್ತ್ರವೂ ಪುರಾತತ್ತ್ವವೂ ಸ್ಥಾಪಿಸಿದ ಮೇಲೆ ಈ ವಾದ ಬಿದ್ದುಹೋಯಿತು. ಆದರೆ ವಾದಕ್ಕೆ ಆಧಾರವಾಗಿದ್ದ ಕೆಲವು ಕಥೆಗಳು ಪುಸ್ತಕಗಳಲ್ಲಿ ಉಳಿದವು. ಮಣ್ಣಿನಿಂದ ಮೊದಲ ಮನುಷ್ಯನನ್ನು ಮಾಡಿದ ಕುಮುಹೊನುವಾ ಕಥೆ, ನೂವು ಎಂಬಾತನ ಜಲಪ್ರಳಯದ ಕಥೆ, ಹವಾಯಿಲೋವಾ ಎಂಬ ನಾವಿಕನ ಕಥೆ ಇಂಥವು. ಇವುಗಳನ್ನು ಪ್ರಾಚೀನ ಐತಿಹ್ಯಗಳೆಂದು ಬಹುಕಾಲ ಉಲ್ಲೇಖಿಸಲಾಯಿತು. 1969ರಲ್ಲಿ ಡೊರೊತಿ ಬಾರೆರೆ ಆಕರಗಳನ್ನು ಒಂದೊಂದಾಗಿ ಬಿಡಿಸಿ, ಇವು ಬೈಬಲ್ ಓದಿದ 19ನೆಯ ಶತಮಾನದ ಲೇಖಕರ, ಮುಖ್ಯವಾಗಿ ಕಮಕಾವು ಮತ್ತು ಕೆಪೆಲಿನೊ ಅವರ ರಚನೆಗಳೆಂದು ತೋರಿಸಿದರು.

ಇದನ್ನು ವಂಚನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ತಮ್ಮ ಪೂರ್ವಜರಿಗೂ ಸೃಷ್ಟಿಯ, ಪ್ರಳಯದ ತಿಳಿವಿತ್ತು ಎಂದು ತೋರಿಸಬೇಕಾದ ಒತ್ತಡ ಆ ಕಾಲದ ಕ್ರೈಸ್ತ ಹವಾಯಿಯನ್ ವಿದ್ವಾಂಸರ ಮೇಲಿತ್ತು. ಕೇಳುವವನ ನಿರೀಕ್ಷೆ ಹೇಳುವವನ ಕಥೆಯನ್ನು ತಿದ್ದಿತು. ಇದನ್ನು ಇಂದು ಪತ್ತೆಹಚ್ಚಲು ಸಾಧ್ಯವಾಗಿರುವುದೂ ಆ ಬರಹಗಳು ಮೂಲಭಾಷೆಯಲ್ಲಿ ಉಳಿದಿರುವುದರಿಂದಲೇ.

ಕುಮುಲಿಪೊ

ಸಂಗ್ರಹ ಮತ್ತು ಅನುವಾದಗಳ ರಾಜಕೀಯ ನಿಚ್ಚಳವಾಗಿ ಕಾಣುವುದು ‘ಕುಮುಲಿಪೊ’ ಎಂಬ ಸೃಷ್ಟಿಗೀತದ ಚರಿತ್ರೆಯಲ್ಲಿ. 2,102 ಸಾಲುಗಳ ಈ ಗೀತ ‘ವಾ’ ಎಂಬ 16 ಯುಗಗಳಾಗಿ ಹರಡಿದೆ. ಮೊದಲ ಏಳು ಕತ್ತಲೆಯ ಕಾಲ, ಉಳಿದ ಒಂಬತ್ತು ಬೆಳಕಿನ ಕಾಲ. ಕತ್ತಲಲ್ಲಿ ಮೊದಲು ಹುಟ್ಟುವುದು ಹವಳದ ಹುಳು. ಬಳಿಕ ಕಡಲ ಜೀವಿಗಳು, ಗಿಡಗಳು, ಮೀನು, ಹಕ್ಕಿಗಳು. ಬೆಳಕಿನೊಡನೆ ಮನುಷ್ಯರು, ದೇವತೆಗಳು, ಕೊನೆಗೆ ಅರಸರ ಸಾಲು. ಸುಮಾರು 1700ರಲ್ಲಿ ಒಬ್ಬ ರಾಜಕುಮಾರನ ಜನನವನ್ನು ಪ್ರತಿಷ್ಠಾಪಿಸಲು ಇದು ಕಟ್ಟಿದ್ದು ಎನ್ನುತ್ತದೆ ಪರಂಪರೆ. ಹುಟ್ಟಿದ ಕೂಸನ್ನು ಹವಳದ ಹುಳುವಿನವರೆಗೂ ಒಯ್ದು ಜಗತ್ತಿನೊಡನೆ ನಂಟು ಕಟ್ಟುವ ವಂಶಾವಳಿಯಿದು.

ಚುನಾವಣೆಯಿಂದ ಅರಸನಾದ ಕಲಾಕೌವಾನ ಹಕ್ಕನ್ನು ಪ್ರಶ್ನಿಸುವವರಿದ್ದರು. ಅವನ ಮನೆತನದ ಬಳಿ ಈ ಗೀತದ ಹಸ್ತಪ್ರತಿಯಿತ್ತು. 1880ರಲ್ಲಿ ಬಂದ ಜರ್ಮನ್ ವಿದ್ವಾಂಸ ಆಡಾಲ್ಫ್ ಬಾಸ್ಟಿಯಾನ್ ಅದರ ಭಾಗಗಳನ್ನು ನಕಲು ಮಾಡಿಕೊಂಡು ಮರುವರ್ಷ ಜರ್ಮನಿಯಲ್ಲಿ ಪ್ರಕಟಿಸಿದ. 1888ರಲ್ಲಿ ಅರಸನ ಹೆಸರಿನಲ್ಲಿಯೇ ಹವಾಯಿಯ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವೊಂದು ಬಂತು; ಅಮೆರಿಕದ ರಾಯಭಾರಿಯಾಗಿದ್ದ ಡ್ಯಾಗೆಟ್ ಅದರ ಸಂಪಾದಕ. 1889ರಲ್ಲಿ ಕಲಾಕೌವಾ ಕುಮುಲಿಪೊದ ಹವಾಯಿಯನ್ ಪಠ್ಯವನ್ನು ಅಚ್ಚುಹಾಕಿಸಿದ.

1893ರಲ್ಲಿ ಅಮೆರಿಕದ ನೌಕಾಸೈನಿಕರು ಇಳಿದಿದ್ದಾಗ ಅಲ್ಲಿನ ಬಿಳಿಯ ವ್ಯಾಪಾರಿಗಳ ಕೂಟ ರಾಣಿ ಲಿಲಿಯುವೊಕಲಾನಿಯನ್ನು ಪದಚ್ಯುತಗೊಳಿಸಿತು. 1895ರಲ್ಲಿ ಅವಳನ್ನು ಅವಳದೇ ಅರಮನೆಯ ಕೋಣೆಯೊಂದರಲ್ಲಿ ಸೆರೆಯಿಟ್ಟರು. ಅಲ್ಲಿ ಅವಳು ಕುಮುಲಿಪೊವನ್ನು ಇಂಗ್ಲಿಷಿಗೆ ಅನುವಾದಿಸತೊಡಗಿದಳು. 1897ರಲ್ಲಿ ಅದು ಬಾಸ್ಟನ್ನಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಅವಳು ವಾಷಿಂಗ್ಟನ್ನಿನಲ್ಲಿ ಹವಾಯಿಯ ಸೇರ್ಪಡೆಯ ವಿರುದ್ಧ ಅಹವಾಲು ಸಲ್ಲಿಸುತ್ತಿದ್ದಳು. ತನ್ನ ನಾಡಿಗೆ ತನ್ನದೇ ಆದ ಪ್ರಾಚೀನ ಅರಸುಸಾಲು ಇದೆಯೆಂದು ಅಮೆರಿಕದ ಓದುಗರಿಗೆ ತೋರಿಸುವ ದಾಖಲೆಯಾಗಿಯೂ ಆ ಪುಸ್ತಕವನ್ನು ಓದಬೇಕು. 1898ರಲ್ಲಿ ಸೇರ್ಪಡೆ ನಡೆದುಹೋಯಿತು. ಅನಂತರದ ಓದುಗರಿಗೆ ಕುಮುಲಿಪೊ ಬಹುಪಾಲು ಪುರಾಣವಾಗಿ ಮಾತ್ರ ಉಳಿಯಿತು.

1896ರ ಕಾನೂನು ಮತ್ತು ಅನಂತರದ ಕಥನಗಳು

1896ರಲ್ಲಿ ಹೊಸ ಗಣರಾಜ್ಯದ ಸರಕಾರ ಸಾರ್ವಜನಿಕ, ಖಾಸಗಿ ಶಾಲೆಗಳೆಲ್ಲದರಲ್ಲಿಯೂ ಇಂಗ್ಲಿಷನ್ನೇ ಬೋಧನಮಾಧ್ಯಮವಾಗಿಸುವ ಕಾನೂನು ಮಾಡಿತು. ಹವಾಯಿಯನ್ ಮಾಧ್ಯಮದ ಶಾಲೆಗಳು ಕೆಲವೇ ವರ್ಷಗಳಲ್ಲಿ ಇಲ್ಲವಾದವು. ಪತ್ರಿಕೆಗಳು ತಕ್ಷಣ ನಿಲ್ಲಲಿಲ್ಲ. 1905–06ರಲ್ಲಿ ‘ಕ ನಯಿ ಔಪುನಿ’ ಪತ್ರಿಕೆಯಲ್ಲಿ ಹಿಇಯಾಕಳ ಕಥೆ ಹೊಓಉಲುಮಾಹಿಯೆಹಿಯೆ ಎಂಬ ಅಂಕಿತನಾಮದಲ್ಲಿ ಬಹು ವಿಸ್ತಾರವಾಗಿ ಬಂತು. ಆದರೆ ಓದುಗರ ಮುಂದಿನ ತಲೆಮಾರು ಶಾಲೆಯಲ್ಲಿ ತಯಾರಾಗುತ್ತಿರಲಿಲ್ಲ.

ಇಂಗ್ಲಿಷ್ ಮರುಕಥನಗಳ ಸಾಲು ಶುರುವಾದದ್ದು ಇದೇ ಹೊತ್ತಿನಲ್ಲಿ. ಥ್ರಮ್‌ನ ಜನಪದ ಕಥೆಗಳು 1907ರಲ್ಲಿ, ವೆಸ್ಟರ್‌ವೆಲ್ಟನ ಮಾವಿ ದೇವತೆಯ ಕಥೆಗಳು 1910ರಲ್ಲಿ, ಎಮರ್ಸನ್ನನ ‘ಪೆಲೆ ಮತ್ತು ಹಿಇಯಾಕ’ 1915ರಲ್ಲಿ ಬಂದವು. ಎಮರ್ಸನ್ ಹಾಡುಗಳನ್ನು ಎರಡೂ ಭಾಷೆಗಳಲ್ಲಿ ಕೊಟ್ಟ, ಗದ್ಯವನ್ನು ಇಂಗ್ಲಿಷಿನಲ್ಲಿ ಮಾತ್ರ. ಹಲವು ನಿರೂಪಣೆಗಳನ್ನು ಬೆಸೆದು ಕಟ್ಟಿದ ಆ ಪುಸ್ತಕದಲ್ಲಿ ಯಾವ ಭಾಗ ಯಾರದೆಂದು ಬಹುಮಟ್ಟಿಗೆ ತಿಳಿಯುವುದಿಲ್ಲ. ಪತ್ರಿಕೆಯಲ್ಲಿ ಹೆಸರಿದ್ದ ಲೇಖಕ ಇಲ್ಲಿ ಹೆಸರಿಲ್ಲದ ಪರಂಪರೆಯಾದ.

1923ರಲ್ಲಿ ಹವಾಯಿಯ ಶಾಸನಸಭೆ ಐತಿಹ್ಯಗಳ ಆಯೋಗವೊಂದನ್ನು ರಚಿಸಿ, ಮಕ್ಕಳಿಗಾಗಿ ಕಥೆಗಳನ್ನು ಬರೆಯಲು ಐರಿಷ್ ಕವಿ ಪ್ಯಾಡ್ರಿಕ್ ಕಾಲಂ ಅವರನ್ನು ಕರೆಸಿತು. ತಾಯ್ನುಡಿ ಕ್ಷೀಣಿಸಿದ ನಾಡಿನಿಂದಲೇ ಬಂದ ಕಾಲಂ, ಫೋರ್ನಾಂಡರ್ ಸಂಗ್ರಹದಂಥ ಅಚ್ಚಾದ ಆಕರಗಳಿಂದ 1924 ಮತ್ತು 1925ರಲ್ಲಿ ಎರಡು ಸಂಪುಟಗಳನ್ನು ಸೊಗಸಾಗಿ ಬರೆದರು. ಆದರೆ ಇಂಥ ಸಂಕ್ಷೇಪಗಳಲ್ಲಿ ಮೊದಲು ಬಿಟ್ಟುಹೋಗುವುದು ಊರು, ಗಾಳಿ, ಮಳೆಗಳ ಹೆಸರುಗಳ ಸಾಲು. ಕಥೆಯ ಓಟಕ್ಕೆ ಅಡ್ಡಿಯೆನಿಸುವ ಆ ಹೆಸರುಗಳೇ ಮೂಲದಲ್ಲಿ ಕಥೆಯನ್ನು ನೆಲಕ್ಕೆ ಕಟ್ಟಿದ್ದವು.

ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುವವರು ಇಬ್ಬರು. ಮಾವಿ ದ್ವೀಪದಲ್ಲಿ ಬೆಳೆದ ಮಾರ್ತಾ ಬೆಕ್‌ವಿತ್ (1871–1959) ‘ಲಾಯೆಇಕವೈ’ಯನ್ನು ಮೂಲದೊಡನೆ 1919ರಲ್ಲಿ ಅನುವಾದಿಸಿದರು, 1940ರಲ್ಲಿ ಹವಾಯಿಯ ಪುರಾಣಗಳ ತೌಲನಿಕ ಅಧ್ಯಯನವನ್ನೂ 1951ರಲ್ಲಿ ಕುಮುಲಿಪೊದ ಸಟಿಪ್ಪಣ ಅನುವಾದವನ್ನೂ ಪ್ರಕಟಿಸಿದರು. ಅವರ ಕೆಲಸಕ್ಕೆ ನೆರವಾದ ಮೇರಿ ಕವೆನಾ ಪುಕುಇ (1895–1986) ಕಾವೂ ಸೀಮೆಯಲ್ಲಿ ಅಜ್ಜಿಯ ಮಡಿಲಲ್ಲಿ ಹಳೆಯ ವಿದ್ಯೆ ಕಲಿತವರು. ಬಿಷಪ್ ವಸ್ತುಸಂಗ್ರಹಾಲಯದಲ್ಲಿ ದುಡಿಯುತ್ತ ಹಳೆಯ ಪತ್ರಿಕೆಗಳಿಂದ ಅಪಾರವಾಗಿ ಅನುವಾದಿಸಿದರು, ಹಿರಿಯರ ಧ್ವನಿಗಳನ್ನು ಮುದ್ರಿಸಿಕೊಂಡರು, ಸಾಮ್ಯುಯೆಲ್ ಎಲ್ಬರ್ಟ್ ಅವರೊಡನೆ 1957ರಲ್ಲಿ ನಿಘಂಟು ಹೊರತಂದರು. 1983ರಲ್ಲಿ ಬಂದ ಅವರ ಗಾದೆಸಂಗ್ರಹದಲ್ಲಿ 2,942 ನುಡಿಗಳಿವೆ.

ನಾಲ್ವರು ಲೇಖಕರು

20ನೆಯ ಶತಮಾನದ ನಡುವಿನ ಹೊತ್ತಿಗೆ ಹವಾಯಿಯ ಪ್ರಾಚೀನತೆಯನ್ನು ಕುರಿತು ಬರೆಯುವವರು ಮುಖ್ಯವಾಗಿ ನಾಲ್ಕು ಹೆಸರುಗಳ ಅನುವಾದಗಳನ್ನು ಆಧರಿಸುತ್ತಿದ್ದರು: ಮಾಲೊ, ಕಮಕಾವು, ಕೆಪೆಲಿನೊ ಮತ್ತು ಜಾನ್ ಪಾಪಾ ಈಈ. ಪುಅಕೆಯ ನೋಗೆಲ್‌ಮೈಯರ್ 2010ರ ತಮ್ಮ ಗ್ರಂಥದಲ್ಲಿ ಇದನ್ನು ವಿಮರ್ಶಿಸಿದರು. ಇಷ್ಟು ಸಾಕು ಎಂಬ ತೃಪ್ತಿಯೇ ಉಳಿದ ಪುಟಗಳನ್ನು ಕಣ್ಣಿಗೆ ಬೀಳದಂತೆ ಮಾಡಿತು ಎಂಬುದು ಅವರ ವಾದ. ಕಮಕಾವು ಇದಕ್ಕೆ ದೊಡ್ಡ ನಿದರ್ಶನ. ಅವನ ಲೇಖನಮಾಲೆಗಳನ್ನು ಇಂಗ್ಲಿಷಿಗೆ ತರುವಾಗ ಸಂಪಾದಕರು ಕೆಲವು ಭಾಗಗಳನ್ನು ಬಿಟ್ಟರು, ಕ್ರಮ ಬದಲಿಸಿದರು, ವಿಷಯಕ್ಕೆ ತಕ್ಕಂತೆ ಹಂಚಿ 1961ರಿಂದ 1991ರವರೆಗೆ ನಾಲ್ಕು ಪುಸ್ತಕಗಳನ್ನಾಗಿ ಮಾಡಿದರು. ಅರಸರ ಚರಿತ್ರೆ ಒಂದರಲ್ಲಿ, ಜನಜೀವನ ಇನ್ನೊಂದರಲ್ಲಿ, ಕಥೆಗಳು ಮತ್ತೊಂದರಲ್ಲಿ. ಓದುಗರ ಆಕ್ಷೇಪಗಳಿಗೆ ಉತ್ತರ ಕೊಡುತ್ತ, ಕಣ್ಣೆದುರಿನ ರಾಜಕೀಯದ ಮೇಲೆ ಟೀಕೆ ಮಾಡುತ್ತ ಬರೆದ ಪತ್ರಕರ್ತ ಕಮಕಾವು ಅಲ್ಲಿ ಸಿಗುವುದಿಲ್ಲ. ಸಿಗುವವನು ಮಾಹಿತಿ ಕೊಡುವ ಮುದುಕ. ಅವನ ಬರಹ ಮೂಲಭಾಷೆಯಲ್ಲಿ ಪುಸ್ತಕವಾಗಿ ಬರಲು 1996ರವರೆಗೆ ಕಾಯಬೇಕಾಯಿತು. ನೋಎನೋಎ ಸಿಲ್ವಾ 2004ರ ಗ್ರಂಥದಲ್ಲಿ ಪತ್ರಿಕೆಗಳನ್ನೇ ಮುಖ್ಯ ಆಕರವಾಗಿಸಿ, 1861ರಲ್ಲಿ ಹಿಇಯಾಕಳ ಕಥೆ ಅಚ್ಚಾದದ್ದನ್ನು ರಾಜಕೀಯ ಪ್ರತಿರೋಧದ ಘಟನೆಯಾಗಿ ಓದಿದರು. ಹೊಓಉಲುಮಾಹಿಯೆಹಿಯೆಯ ಪಠ್ಯ ಅನುವಾದದೊಡನೆ 2006ರಲ್ಲಿ ಬೆಳಕು ಕಂಡಿತು.

ಈ ಮರುಓದಿನ ಹಿಂದೆ ಭಾಷೆಯ ಚಳವಳಿಯಿದೆ. 1978ರಲ್ಲಿ ರಾಜ್ಯ ಸಂವಿಧಾನ ಹವಾಯಿಯನ್ನಿಗೆ ಅಧಿಕೃತ ಸ್ಥಾನ ಕೊಟ್ಟಿತು. 1983ರಲ್ಲಿ ‘ಅಹ ಪೂನಾನ ಲಿಯೊ’ ಸಂಸ್ಥೆ ಹುಟ್ಟಿ ಶಿಶುವಿಹಾರಗಳನ್ನು ತೆರೆಯಿತು. ಮುಂದೆ ಹವಾಯಿಯನ್ ಮಾಧ್ಯಮದ ಶಾಲೆಗಳೂ ಮರಳಿದವು. 2011ರಲ್ಲಿ ಹಳೆಯ ಪತ್ರಿಕೆಗಳ 60,000 ಪುಟಗಳನ್ನು ಸ್ವಯಂಸೇವಕರಿಂದ ಟೈಪ್ ಮಾಡಿಸುವ ಯೋಜನೆ ಆರಂಭವಾಯಿತು. ಭಾಷೆ ಬಾರದವರೂ ಅಕ್ಷರ ನೋಡಿ ಟೈಪ್ ಮಾಡಬಹುದಿತ್ತು.

ಓದುವುದು ಮಾತ್ರ ಬೇರೆ ಕೆಲಸ. ಹಳೆಯ ಪತ್ರಿಕೆಗಳಲ್ಲಿ ಸ್ವರದ ದೀರ್ಘವನ್ನಾಗಲಿ ಕಂಠದ ತಡೆಯನ್ನಾಗಲಿ ಸಾಮಾನ್ಯವಾಗಿ ಗುರುತಿಸುತ್ತಿರಲಿಲ್ಲ. ‘ಪಉ’ ಎಂದು ಓದಬಹುದಾದ ಮೂರೇ ಅಕ್ಷರಗಳು ಸಂದರ್ಭಕ್ಕೆ ತಕ್ಕಂತೆ ಮುಗಿಯಿತು, ಮಸಿ, ತೇವ ಅಥವಾ ಹೆಂಗಸರ ಉಡುಗೆ ಎಂದಾಗುತ್ತವೆ. ಎಕಾರ, ಒಕಾರಗಳ ಹ್ರಸ್ವದೀರ್ಘ ಗುರುತಿಸದ ಹಳಗನ್ನಡ ಶಾಸನಗಳನ್ನೂ ಓಲೆಗರಿಗಳನ್ನೂ ಓದಿದವರು ಈ ಕಷ್ಟವನ್ನು ಬಲ್ಲರು. ಬರೆದವರಿಗೆ ಆ ಗುರುತುಗಳು ಬೇಕಿರಲಿಲ್ಲ, ಏಕೆಂದರೆ ಓದುವವರಿಗೆ ಭಾಷೆ ಬರುತ್ತಿತ್ತು.

ಹವಾಯಿಯ ಚರಿತ್ರೆಯಿಂದ ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕಾರರು ಗಮನಿಸಬೇಕಾದದ್ದು ಇಷ್ಟು. ಸಂಗ್ರಹವಾಗದೆ ಕಳೆದುಹೋದ ಕಥೆಗಳು ಅಲ್ಲಿಯೂ ಇವೆ. ಆದರೆ ಅದಕ್ಕಿಂತ ದೊಡ್ಡ ನಷ್ಟವಾದದ್ದು ಸಂಗ್ರಹವಾಗಿ, ಅಚ್ಚಾಗಿ, ಗ್ರಂಥಾಲಯದಲ್ಲಿ ಕ್ಷೇಮವಾಗಿದ್ದ ಪುಟಗಳ ವಿಷಯದಲ್ಲಿ. ಶಾಲೆಯ ಭಾಷೆ ಬದಲಾಗದೆ ಇದ್ದಿದ್ದರೆ ಅವು ಒಂದು ನಾಡಿನ ಸಾಮಾನ್ಯ ಓದಾಗಿ ಉಳಿಯಬಹುದಿತ್ತೇನೋ. ಮೂಲಪಠ್ಯವನ್ನು ಅನುವಾದದ ಎದುರು ಪುಟದಲ್ಲಿ ಉಳಿಸಿದ ಸಂಗ್ರಹಗಳನ್ನು ಇಂದಿಗೂ ಪ್ರಶ್ನಿಸಬಹುದು, ತಿದ್ದಬಹುದು; ಬಾರೆರೆ ಅವರ ವಿಮರ್ಶೆ ಅದಕ್ಕೆ ಸಾಕ್ಷಿ. ಅನುವಾದ ಮಾತ್ರ ಉಳಿದ ಕಡೆ ಆ ದಾರಿಯಿಲ್ಲ. ಪುಟಗಳನ್ನು ಕಾಪಾಡುವ ಕೆಲಸ ಗ್ರಂಥಾಲಯದ್ದು, ಅವುಗಳೊಡನೆ ವಾದಿಸಬಲ್ಲ ಓದುಗರನ್ನು ಬೆಳೆಸುವ ಕೆಲಸ ಶಾಲೆಯದು. ಎರಡನೆಯದು ನಿಂತುಹೋದ ಮೇಲೆ ಮತ್ತೆ ಆರಂಭಿಸಲು ಹವಾಯಿಗೆ 80ಕ್ಕೂ ಹೆಚ್ಚು ವರ್ಷಗಳು ಬೇಕಾದವು.